‘ಇದೆ’, ‘ಉಂಟು’, ‘ಇಲ್ಲ’: ಒಂದು ವಸ್ತು ಇರುವುದನ್ನು ಭಾಷೆಗಳು ಹೇಗೆ ಹೇಳುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ಭಾಷೆಯವರಿಗೆ ಕನ್ನಡ ಹೇಳಿಕೊಡುವುದು ನನ್ನ ಕೆಲಸ. ಮೊದಲ ವಾರ ಎಲ್ಲರೂ ಎಡವುವ ಜಾಗ ಒಂದೇ, ಅದು ‘ಇದೆ’. ಎರಡೇ ಅಕ್ಷರದ ಪದ, ಆದರೆ ಅದರ ಬಗ್ಗೆ ಬಂದಷ್ಟು ಪ್ರಶ್ನೆ ಇನ್ಯಾವುದರ ಬಗ್ಗೆಯೂ ಬಂದಿಲ್ಲ. ಕೆಲವು ಪಾಠದ ನಡುವೆ ಬಂದವು, ಕೆಲವು ಪತ್ರದಲ್ಲಿ, ಕೆಲವು ಕಾಫಿ ಕುಡಿಯುತ್ತಾ ಕೂತಾಗ. ಕೇಳಿದವರಲ್ಲಿ ಹುಟ್ಟು ಕನ್ನಡಿಗರೂ ಇದ್ದಾರೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಆಮೇಲೆ ಸ್ವಲ್ಪ ಆಳದವು.

## ಮೊದಲ ಹೆಜ್ಜೆ

ಇಂಗ್ಲಿಷಿನ ‘ಈಸ್’ ಅಂದ್ರೆ ಕನ್ನಡದ ‘ಇದೆ’ ತಾನೇ?

ಅರ್ಧ ಮಾತ್ರ. ಇಂಗ್ಲಿಷಿನ ‘ಈಸ್’ ಎರಡು ಕೆಲಸ ಮಾಡುತ್ತದೆ. ಒಂದು, ವಸ್ತು ಎಲ್ಲೋ ಇದೆ ಅನ್ನುವುದು. ಇನ್ನೊಂದು, ವಸ್ತು ಇಂಥದ್ದು ಅನ್ನುವುದು. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ. ‘ಕೊಡೆ ಬಾಗಿಲ ಹಿಂದೆ ಇದೆ’ ಅನ್ನುತ್ತೇವೆ. ಆದರೆ ‘ಇದು ಕೊಡೆ’ ಅಂದರೆ ಅಲ್ಲಿಗೆ ಮಾತು ಮುಗಿಯಿತು, ಕ್ರಿಯಾಪದ ಬೇಕಾಗಿಲ್ಲ. ‘ಇದು ಕೊಡೆ ಇದೆ’ ಅಂದರೆ ಕೇಳಿದವರಿಗೆ ಥಟ್ಟನೆ ಗೊತ್ತಾಗುತ್ತದೆ, ಮಾತಾಡುವವರ ಮನೆಮಾತು ಬೇರೆ ಅಂತ.

ಕ್ರಿಯಾಪದ ಬಿಡುವುದು ನಮ್ಮ ವಿಶೇಷವೇನಲ್ಲ. ರಷ್ಯನ್, ಅರಬ್ಬಿ ಭಾಷೆಗಳಲ್ಲೂ ಈಗಿನ ಕಾಲದ ಮಾತಿಗೆ ‘ಇವನು ನನ್ನ ತಮ್ಮ’ ಅಂದರೆ ಸಾಕು. 386 ಭಾಷೆಗಳನ್ನು ಹೋಲಿಸಿ ನೋಡಿದ ಒಂದು ಅಧ್ಯಯನದಲ್ಲಿ 175 ಭಾಷೆಗಳು ಹೀಗೆ ಬಿಡುವುದಕ್ಕೆ ಅವಕಾಶ ಕೊಡುತ್ತವೆ.

‘ಇಲ್ಲ’, ‘ಅಲ್ಲ’ ಎರಡೂ ‘ನೋ’ ಅಲ್ವಾ? ಎರಡು ಯಾಕೆ?

ಒಂದು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಒಳಗಿನಿಂದ ಬಂದವರು ‘ಡಾಕ್ಟರ್ ಇಲ್ಲ’ ಅಂದರೆ ನೀವು ಮನೆಗೆ ಹೋಗಿ ಸಂಜೆ ಬರಬೇಕು. ಬಿಳಿ ಕೋಟು ಹಾಕಿಕೊಂಡವರನ್ನು ತೋರಿಸಿ ‘ಅವರು ಡಾಕ್ಟರ್ ಅಲ್ಲ’ ಅಂದರೆ ಅವರು ಕಾಂಪೌಂಡರ್, ನೀವು ಕಾಯಬೇಕು. ಒಂದೇ ಸ್ವರದ ವ್ಯತ್ಯಾಸ. ‘ಇಲ್ಲ’ ಇರವನ್ನು ಅಲ್ಲಗಳೆಯುತ್ತದೆ, ‘ಅಲ್ಲ’ ಗುರುತನ್ನು ಅಲ್ಲಗಳೆಯುತ್ತದೆ. (ನೋಡಿ, ‘ಅಲ್ಲಗಳೆ’ ಅನ್ನುವ ಪದದಲ್ಲೂ ‘ಅಲ್ಲ’ ಕೂತಿದೆ.)

ನೆರೆಹೊರೆಯಲ್ಲೂ ಈ ಜೋಡಿ ಇದೆ. ತೆಲುಗಿನಲ್ಲಿ ‘ಲೇದು, ಕಾದು’. ತುಳುವಿನಲ್ಲಿ ‘ಇಜ್ಜಿ, ಅತ್ತ್’. ಕೊಂಕಣಿಯಲ್ಲಿ ‘ನಾ, ನ್ಹಯ್’. ಮಲಯಾಳದಲ್ಲಿ ನಮ್ಮ ಹಾಗೇ ‘ಇಲ್ಲ, ಅಲ್ಲ’. ಇನ್ನೂ ದೂರ ಹೋದರೆ ತುರ್ಕಿಯಲ್ಲಿ ‘ಯೋಕ್, ದೆಯಿಲ್’. ಇಂಡೋನೇಷ್ಯಾದಲ್ಲಿ ‘ತಿದಾಕ್ ಅದಾ’ ಅಂದರೆ ಇಲ್ಲ, ‘ಬುಕಾನ್’ ಅಂದರೆ ಅಲ್ಲ. ತುರ್ಕಿ ಕಲಿಯಲು ಹೊರಟ ಕನ್ನಡಿಗರಿಗೆ ಈ ಪಾಠ ಓದದೆಯೇ ಬರುತ್ತದೆ. ಇಂಗ್ಲಿಷಿನವರು ಇಲ್ಲೇ ತಿಂಗಳು ಕಳೆಯುತ್ತಾರೆ.

ಆಡುಮಾತಿನ ತಮಿಳಿನಲ್ಲಿ ಮಾತ್ರ ಗೆರೆ ಅಳಿಸುತ್ತಾ ಬಂದಿದೆ. ಬರಹದಲ್ಲಿ ‘ಅಲ್ಲ’ ಇದ್ದರೂ ಬೀದಿಯಲ್ಲಿ ಎರಡಕ್ಕೂ ‘ಇಲ್ಲೆ’ ನಡೆಯುತ್ತದೆ. ಕನ್ನಡದ ಮಕ್ಕಳು ಇದನ್ನು ಈಗಲೂ ಮೂರು ವರ್ಷಕ್ಕೇ ಸರಿಯಾಗಿ ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಖುಷಿ.

ಮಂಗಳೂರಿನವರು ‘ಉಂಟು’ ಅಂತಾರಲ್ಲ, ಅದು ತಪ್ಪು ಕನ್ನಡವಾ?

ಖಂಡಿತ ಅಲ್ಲ. ‘ಉಂಟು’ ಬಹಳ ಹಳೆಯದು. ಹಳಗನ್ನಡದ ‘ಉಳ್’ ಅನ್ನುವ ಬೇರಿನದು. ‘ಬುದ್ಧಿಯುಳ್ಳ’, ‘ಹಣವುಳ್ಳ’ ಅನ್ನುವಾಗ ಬರುವ ‘ಉಳ್ಳ’ವೂ ಅದರದ್ದೇ. ಬಸವಣ್ಣನವರ ವಚನದ ‘ಉಳ್ಳವರು’ ಅಂದರೆ ‘ಇರುವವರು’, ಅಂದರೆ ಏನಾದರೂ ಇರುವವರು, ಸಿರಿವಂತರು. ತುಳುವಿನ ‘ಉಂಡು’, ತಮಿಳು ಮತ್ತು ಮಲಯಾಳದ ‘ಉಂಡು’ ಎಲ್ಲವೂ ಒಡಹುಟ್ಟು. ತುಳು ಜೊತೆಗೇ ಬದುಕುವ ಕರಾವಳಿಯ ಕನ್ನಡದಲ್ಲಿ ಅದು ದಿನಬಳಕೆಯಲ್ಲಿ ಉಳಿಯಿತು, ಉಳಿದ ಕಡೆ ‘ಇದೆ’ ಜಾಗ ಹಿಡಿಯಿತು. ಆದರೂ ಬೆಂಗಳೂರಿನವರೂ ‘ಹಾಗೂ ಉಂಟೇ!’ ಅನ್ನುತ್ತಾರೆ, ‘ತೊಂದರೆ ಉಂಟಾಯಿತು’ ಅಂತ ಬರೆಯುತ್ತಾರೆ.

ಒಂದು ಮಿತಿ ಇದೆ. ‘ಉಂಟು’ ರೂಪ ಬದಲಿಸುವುದಿಲ್ಲ. ನೀನು, ಅವರು, ನಿನ್ನೆ, ನಾಳೆ ಯಾವುದಕ್ಕೂ ಬಗ್ಗುವುದಿಲ್ಲ. ಅದಕ್ಕೇ ‘ಊಟ ಉಂಟಾ?’ ಅಂತ ಕೇಳುವ ಮಂಗಳೂರಿನವರೂ ನಿನ್ನೆಯ ಊಟದ ಬಗ್ಗೆ ‘ಇತ್ತು’ ಅಂತಲೇ ಹೇಳಬೇಕು.

ಇನ್ನು ಹಳೇ ಮೈಸೂರಿನ ‘ಐತೆ’, ಉತ್ತರ ಕರ್ನಾಟಕದ ‘ಐತಿ’ ಮತ್ತು ‘ಅದ’, ಹವ್ಯಕರ ‘ಇದ್ದು’ ಇವೂ ಅಷ್ಟೇ ಒಳ್ಳೆಯ ಕನ್ನಡ. ಹವ್ಯಕರ ಮನೆಯಲ್ಲಿ ‘ಆಸ್ರಿಗೆ ಇದ್ದು’ ಅಂದರೆ ಹೊಸಬರು ‘ಇದ್ದು, ಆಮೇಲೆ?’ ಅಂತ ಕಾಯುತ್ತಾರೆ. ಆಮೇಲೆ ಏನಿಲ್ಲ, ಕುಡಿಯಲು ಇದೆ ಅಂತ ಅರ್ಥ, ಅಷ್ಟೇ.

‘ಬಸ್ ಇದೆ’, ‘ಬಸ್ ಇರುತ್ತೆ’: ಯಾವಾಗ ಯಾವುದು?

‘ಇದೆ’ ಅಂದರೆ ಈಗ, ಗೊತ್ತಿರುವ ಸಂಗತಿ. ‘ಇರುತ್ತೆ’ ಅಂದರೆ ವಾಡಿಕೆ, ಇಲ್ಲವೇ ಊಹೆ. ‘ಆರು ಗಂಟೆಗೆ ಬಸ್ ಇದೆ, ಬೇಗ ಹೊರಡು’ ಅನ್ನುವವರಿಗೆ ಇವತ್ತಿನ ಬಸ್ಸಿನ ವಿಚಾರ ಖಚಿತ. ‘ಆರು ಗಂಟೆಗೆ ಬಸ್ ಇರುತ್ತೆ’ ಅನ್ನುವವರು ದಿನಾ ನೋಡಿದ್ದನ್ನು ಹೇಳುತ್ತಿದ್ದಾರೆ. ಹಿಂದಿಯ ‘ಹೈ’ ಮತ್ತು ‘ಹೋತಾ ಹೈ’ ನಡುವೆ ಇರುವುದೂ ಹೆಚ್ಚುಕಡಿಮೆ ಇದೇ ಗೆರೆ.

## ನಾಲ್ಕು ದಿಕ್ಕಿನ ಭಾಷೆಗಳು

ಎಲ್ಲಾ ಭಾಷೆಯಲ್ಲೂ ‘ಇದೆ’ ಅನ್ನೋಕೆ ಒಂದು ಪದ ಇದೆಯಾ?

ಹೇಳುವ ದಾರಿ ಎಲ್ಲ ಭಾಷೆಯಲ್ಲೂ ಇದೆ. ಅದಕ್ಕೇ ಅಂತ ಮೀಸಲಾದ ಪದ ಇರಬೇಕು ಅಂತೇನಿಲ್ಲ. ಬೇರೆ ಕೆಲಸದ ಪದವನ್ನು ಕರೆದು ತಂದು ಇಲ್ಲಿ ಕೂರಿಸುವುದೇ ಜಾಸ್ತಿ.

ಜರ್ಮನ್ನಿನವರು ‘ಎಸ್ ಗಿಬ್ಟ್’ ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ‘ಅದು ಕೊಡುತ್ತದೆ’. ‘ಇಲ್ಲಿ ಹೋಟೆಲ್ ಇದೆಯಾ’ ಅನ್ನಲು ‘ಅದು ಇಲ್ಲಿ ಹೋಟೆಲನ್ನು ಕೊಡುತ್ತದೆಯೇ’ ಅನ್ನಬೇಕು. ಯಾವ ‘ಅದು’ ಅಂತ ಯಾರೂ ಕೇಳುವುದಿಲ್ಲ. ಫ್ರೆಂಚರ ‘ಇಲ್ ಯ ಆ’ದಲ್ಲಿ ‘ಅದು’, ‘ಅಲ್ಲಿ’, ‘ಹೊಂದಿದೆ’ ಮೂರೂ ಇವೆ. ಸ್ಪ್ಯಾನಿಷಿನ ‘ಐ’ಯಲ್ಲೂ ಒಳಗೆ ಅಡಗಿರುವುದು ‘ಹೊಂದು’ ಮತ್ತು ‘ಅಲ್ಲಿ’. ಸ್ವೀಡನ್ನಿನವರಿಗೆ ವಸ್ತು ಇರುವುದೆಂದರೆ ‘ಸಿಗುವುದು’. ನಮ್ಮಲ್ಲೂ ಅಂಗಡಿಯಲ್ಲಿ ‘ಎಳ್ಳೆಣ್ಣೆ ಸಿಗುತ್ತಾ?’ ಅಂತ ಕೇಳುವುದಿಲ್ಲವೇ, ಹಾಗೆ. ಸಂಸ್ಕೃತದ ‘ವಿದ್ಯತೇ’ ಕೂಡ ಮೂಲದಲ್ಲಿ ‘ಕಂಡುಬರುತ್ತದೆ’.

ಡಚ್ ಭಾಷೆ ನನಗೆ ತುಂಬಾ ಇಷ್ಟ. ಅಲ್ಲಿ ವಸ್ತು ಹೇಗಿದೆ ಅನ್ನುವುದನ್ನು ನೋಡಿ ಹೇಳಬೇಕು. ಮೇಜಿನ ಮೇಲೆ ಗ್ಲಾಸು ‘ನಿಂತಿದೆ’, ಪುಸ್ತಕ ‘ಮಲಗಿದೆ’, ಚಹಾದೊಳಗೆ ಸಕ್ಕರೆ ‘ಕೂತಿದೆ’.

ಸ್ವಾಹಿಲಿಯಲ್ಲಿ ‘ಕುನಾ’. ‘ಕು’ ಅಂದರೆ ಅಲ್ಲಿ, ‘ನಾ’ ಅಂದರೆ ಜೊತೆ. ಅದರ ನಿರಾಕರಣೆ ‘ಹಕುನಾ’. ಲೋಕವೆಲ್ಲ ಹೇಳುವ ‘ಹಕುನಾ ಮತಾತಾ’ದಲ್ಲಿ ಇರುವುದು ಇದೇ: ತೊಂದರೆ ಇಲ್ಲ. ‘ಅಲ್ಲಿ’ಯಲ್ಲೂ ಮೂರು ಬಗೆ ಇದೆ. ಸುಮಾರಾಗಿ ಆ ಕಡೆ ಅಂದರೆ ‘ಕುನಾ’, ಇಂಥದ್ದೇ ಜಾಗ ಅಂದರೆ ‘ಪನಾ’, ಒಳಗೆ ಅಂದರೆ ‘ಮ್ನಾ’.

ಗಲ್ಫಿನಲ್ಲಿ ದುಡಿದು ಬಂದ ಕರಾವಳಿಯವರಿಗೆ ‘ಮಾಫಿ ಮುಷ್ಕಿಲ್’ ಗೊತ್ತೇ ಇರುತ್ತದೆ. ಆಡುಮಾತಿನ ಅರಬ್ಬಿಯಲ್ಲಿ ‘ಫೀ’ ಅಂದರೆ ಇದೆ, ‘ಮಾಫಿ’ ಅಂದರೆ ಇಲ್ಲ. ‘ಫೀ’ಯ ಮೂಲ ಅರ್ಥ ‘ಅದರಲ್ಲಿ’. ‘ಅದರಲ್ಲಿ’ ಅನ್ನುವ ಮಾತೇ ಸವೆದು ಸವೆದು ‘ಇದೆ’ ಆಗಿಬಿಟ್ಟಿದೆ.

ನಾಯಿ ‘ಇದೆ’, ಅಣ್ಣ ‘ಇದ್ದಾನೆ’. ಬೇರೆಯವರೂ ಹೀಗೆ ಗೆರೆ ಎಳೀತಾರಾ?

ಎಳೆಯುತ್ತಾರೆ, ಆದರೆ ಬೇರೆ ಜಾಗದಲ್ಲಿ. ಜಪಾನೀ ಭಾಷೆಯಲ್ಲಿ ಜೀವ ಇರುವುದಕ್ಕೆ ‘ಇರು’, ಇಲ್ಲದ್ದಕ್ಕೆ ‘ಅರು’. ನಾಯಿಗೂ ಅಣ್ಣನಿಗೂ ಒಂದೇ ‘ಇರು’. ಮರಕ್ಕೆ ‘ಅರು’, ಅದು ಓಡಾಡುವುದಿಲ್ಲವಲ್ಲ. ಕೊಳದಲ್ಲಿ ಈಜುವ ಮೀನಿಗೆ ‘ಇರು’. ಅದೇ ಮೀನು ಅಂಗಡಿಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿದರೆ ‘ಅರು’. ಸಿಂಹಳದಲ್ಲೂ ಜೀವಿಗಳಿಗೆ ‘ಇನ್ನವಾ’, ವಸ್ತುಗಳಿಗೆ ‘ತಿಯೆನವಾ’.

ಕನ್ನಡದ ಗೆರೆ ಜೀವದ ಮೇಲಿಲ್ಲ. ಮನುಷ್ಯರು, ದೇವರು ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ. ಆದರೂ ಗೆರೆ ಅಲ್ಲಲ್ಲಿ ಬಾಗುತ್ತದೆ. ಮಗು ಮನುಷ್ಯನೇ, ಆದರೆ ‘ಮಗು ತೊಟ್ಟಿಲಲ್ಲಿದೆ’. ನಾಯಿ ಪ್ರಾಣಿಯೇ, ಆದರೆ ಸಾಕಿದವರಿಗೆ ‘ನಮ್ಮ ರಾಜ ಒಳಗಿದ್ದಾನೆ’. ಸಾವು ಬಂದಾಗ ಗೆರೆ ಒಮ್ಮೆಲೇ ಕಾಣುತ್ತದೆ. ‘ಅಪ್ಪ ಆಸ್ಪತ್ರೆಯಲ್ಲಿದ್ದಾರೆ’ ಅನ್ನುತ್ತಿದ್ದವಳು ನಾನು. ಒಂದು ಬೆಳಗ್ಗೆ ‘ದೇಹ ಇನ್ನೂ ಆಸ್ಪತ್ರೆಯಲ್ಲೇ ಇದೆ’ ಅಂತ ಫೋನಿನಲ್ಲಿ ಹೇಳಬೇಕಾಯಿತು. ಆ ‘ಇದೆ’ಯನ್ನು ನಾಲಿಗೆಗೆ ತರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಜಪಾನಿನ ‘ಇರು’ ನಮ್ಮ ‘ಇರು’ವೇ ಇರಬಹುದಾ?

ಇಲ್ಲ, ಅದು ಆಕಸ್ಮಿಕ. ಜಪಾನೀ ಪದದ ಹಳೆಯ ರೂಪ ‘ವಿರು’, ಅರ್ಥ ‘ಕೂರು’. ಹಿಂದಕ್ಕೆ ಹೋದಷ್ಟೂ ಎರಡು ಪದಗಳು ದೂರವಾಗುತ್ತವೆ. ಆದರೆ ನಿಜವಾದ ಒಂದು ಹೋಲಿಕೆ ಇದೆ. ದ್ರಾವಿಡ ಭಾಷೆಗಳ ‘ಇರ್’ಗೂ ತಂಗು, ಉಳಿ, ಕೂರು ಅನ್ನುವ ಅರ್ಥಗಳಿವೆ. ‘ಇರಿ, ಊಟ ಮಾಡಿಕೊಂಡು ಹೋಗಿ’ ಅನ್ನುವಾಗ ಆ ‘ಇರಿ’ ಅಂದರೆ ‘ಉಳಿಯಿರಿ’ ಅಂತಲೇ ಅಲ್ವಾ? ಕೂತವನು ಉಳಿದ, ಉಳಿದವನು ಇದ್ದ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ತುಳಿದಿವೆ.

ಕನ್ನಡದಲ್ಲಿ ‘ಹ್ಯಾವ್’ಗೆ ಪದವೇ ಇಲ್ಲ. ಇದು ಕೊರತೆಯಲ್ವಾ?

ಕೊರತೆಯೇ ಅಲ್ಲ. ನಾವು ವಸ್ತುವನ್ನು ‘ಹೊಂದುವುದಿಲ್ಲ’, ಅದು ನಮಗೆ ‘ಇರುತ್ತದೆ’. ‘ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ’ ಅನ್ನುವ ಗಾದೆ ನೋಡಿ. ನಾಲ್ಕೂ ಕಡೆ ಕೆಲಸ ಮಾಡಿರುವುದು ‘ಇರು’ ಮತ್ತು ‘ಇಲ್ಲ’. ಇಂಗ್ಲಿಷಿಗೆ ತಂದರೆ ನಾಲ್ಕೂ ಕಡೆ ‘ಹ್ಯಾವ್’ ಬರುತ್ತದೆ.

ಒಂದು ‘ಹ್ಯಾವ್’ ಹೇಳಲಾರದ್ದನ್ನು ನಮ್ಮ ವಿಭಕ್ತಿಗಳು ಹೇಳುತ್ತವೆ. ‘ನನಗೆ ಇಬ್ಬರು ಅಕ್ಕಂದಿರಿದ್ದಾರೆ’, ‘ನನಗೆ ಹಲ್ಲುನೋವಿದೆ’: ಇವು ಬಿಟ್ಟುಹೋಗದ ನಂಟು, ಮೈಗೆ ಅಂಟಿದ ಸಂಗತಿ. ‘ನನ್ನ ಹತ್ತಿರ 500 ರೂಪಾಯಿ ಇದೆ’: ಇದು ಇವತ್ತು ಇದೆ, ನಾಳೆ ಇನ್ನೊಬ್ಬರ ಕೈಗೆ. ‘ಅವಳಲ್ಲಿ ತಾಳ್ಮೆ ಇದೆ’: ಇದು ಗುಣ. ‘ನನ್ನ ಹತ್ತಿರ ಇಬ್ಬರು ಅಕ್ಕಂದಿರಿದ್ದಾರೆ’ ಅಂದರೆ ಅವರು ಸದ್ಯ ನಿಮ್ಮ ಮನೆಗೆ ಬಂದಿದ್ದಾರೆ ಅನ್ನಿಸುತ್ತದೆ.

ಜಗತ್ತಿನಲ್ಲೂ ನಾವೇನು ಒಂಟಿಯಲ್ಲ. 240 ಭಾಷೆಗಳನ್ನು ಹೋಲಿಸಿದಾಗ ‘ಹ್ಯಾವ್’ನಂಥ ಕ್ರಿಯಾಪದ ಮುಖ್ಯವಾಗಿ ಬಳಸುವವು 63 ಮಾತ್ರ. ರಷ್ಯನ್ನರು ‘ನನ್ನ ಬಳಿ ಪುಸ್ತಕ ಇದೆ’ ಅನ್ನುತ್ತಾರೆ, ಫಿನ್ಲೆಂಡಿನವರು ‘ನನ್ನ ಮೇಲೆ’, ತುರ್ಕರು ‘ನನ್ನ ಪುಸ್ತಕ ಇದೆ’, ಸ್ವಾಹಿಲಿಯವರು ‘ನಾನು ಪುಸ್ತಕದ ಜೊತೆ’. ಹೀಗಿರುವಾಗ ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’ ಅಂತ ಬರೆಯುವುದನ್ನು ನೋಡಿದರೆ ನನಗೆ ನಿಜವಾಗಿ ನೋವಾಗುತ್ತದೆ. ‘ಅವರಿಗೆ ಇಬ್ಬರು ಮಕ್ಕಳು’ ಅಂದರೆ ಸಾಕಲ್ಲ. ಕ್ರಿಯಾಪದವೂ ಬೇಡ.

ಕತೆಗಳೆಲ್ಲ ‘ಒಬ್ಬ ರಾಜ ಇದ್ದ’ ಅಂತಲೇ ಯಾಕೆ ಶುರುವಾಗುತ್ತವೆ?

ಕೇಳುವವರಿಗೆ ಗೊತ್ತಿಲ್ಲದ ಒಬ್ಬನನ್ನು ಎದುರಿಗೆ ತಂದು ನಿಲ್ಲಿಸಬೇಕಲ್ಲ, ಅದಕ್ಕೆ. ‘ಒಂದಾನೊಂದು ಊರಿನಲ್ಲಿ ಒಬ್ಬ ರಾಜ ಇದ್ದ’ ಅನ್ನುವಾಗ ಮೊದಲು ಜಾಗ, ಆಮೇಲೆ ಹೊಸಬ, ಕೊನೆಗೆ ‘ಇದ್ದ’. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಅವನು ‘ಆ ರಾಜ’. ‘ರಾಜ ಊರಿನಲ್ಲಿ ಇದ್ದ’ ಅಂತ ತಿರುಗಿಸಿದರೆ ರಾಜ ಮೊದಲೇ ಗೊತ್ತಿದ್ದವನು, ಬೇಟೆಗೆ ಹೋಗದೆ ಊರಿನಲ್ಲೇ ಉಳಿದ ಅಂತ ಅರ್ಥ. ಪದಗಳ ಜಾಗ ಬದಲಿಸಿ ನಾವು ಮಾಡುವ ಕೆಲಸವನ್ನು ಇಂಗ್ಲಿಷ್ ‘ದೇರ್’, ‘ಅ’, ‘ದ’ ಇಟ್ಟು ಮಾಡುತ್ತದೆ. ಚೀನಿಯರು ಕ್ರಿಯಾಪದವನ್ನೇ ಬದಲಿಸುತ್ತಾರೆ. ಹೊಸದಕ್ಕೆ ‘ಯೌ’, ಗೊತ್ತಿದ್ದದ್ದು ಎಲ್ಲಿದೆ ಅನ್ನಲು ‘ತ್ಸಾಯ್’.

ತುರ್ಕಿಯ ಅಜ್ಜಿಯರು ಕತೆ ಶುರು ಮಾಡುವುದು ‘ಬಿರ್ ವರ್‌ಮಿಶ್, ಬಿರ್ ಯೋಕ್‌ಮುಶ್’ ಅಂತ. ‘ಒಮ್ಮೆ ಇತ್ತಂತೆ, ಒಮ್ಮೆ ಇಲ್ಲವಂತೆ’. ಪರ್ಷಿಯನ್ ಕತೆಗಳದ್ದೂ ‘ಯೇಕಿ ಬೂದ್, ಯೇಕಿ ನಬೂದ್’: ಒಬ್ಬ ಇದ್ದ, ಒಬ್ಬ ಇರಲಿಲ್ಲ.

## ಸ್ವಲ್ಪ ಆಳಕ್ಕೆ

‘ಬರಲಿಲ್ಲ’ದ ಒಳಗೆ ‘ಇಲ್ಲ’ ಹೇಗೆ ಬಂತು?

ಬಿಡಿಸಿ ನೋಡಿ: ಬರಲು + ಇಲ್ಲ. ಬರುವುದು + ಇಲ್ಲ. ‘ಬರುವುದು ಅನ್ನುವ ಸಂಗತಿಯೇ ಇಲ್ಲ’ ಅಂತ ಹೇಳುತ್ತಿದ್ದೇವೆ. ಹಳೆಯ ಕನ್ನಡದಲ್ಲಿ ಹೀಗಿರಲಿಲ್ಲ. ಕ್ರಿಯಾಪದದ ಒಳಗೇ ನಿಷೇಧ ಇತ್ತು: ಮಾಡೆನು, ಅರಿಯೆ, ಬಾರೆ. ಅದರ ಉಳಿಕೆಗಳು ಇವತ್ತೂ ಬಾಯಲ್ಲಿವೆ: ‘ಒಲ್ಲೆ’, ‘ಕೂಡದು’, ‘ಬಾರದು’. ನಿಧಾನಕ್ಕೆ ‘ಇಲ್ಲ’ ಬಂದು ದಿನಬಳಕೆಯ ಜಾಗವನ್ನೆಲ್ಲ ತುಂಬಿಕೊಂಡಿತು.

ಇಂಥದ್ದು ಬೇರೆ ಕಡೆಯೂ ಆಗಿದೆ. ‘ಇಲ್ಲ’ ಅನ್ನುವ ಪದ ಮೆಲ್ಲಗೆ ಎಲ್ಲ ಕ್ರಿಯಾಪದಗಳ ನಿಷೇಧವಾಗುವ ಚಕ್ರವನ್ನು ವಿಲಿಯಂ ಕ್ರಾಫ್ಟ್ ಎಂಬ ಭಾಷಾವಿಜ್ಞಾನಿ 1991ರಲ್ಲಿ ವಿವರಿಸಿದರು. ಚೀನಿಯಲ್ಲಿ ‘ಮೇಯೌ’ ಅಂದರೆ ಇಲ್ಲ. ಅದೇ ‘ಮೇ’ ‘ಹೋಗಲಿಲ್ಲ’ ಅನ್ನುವಾಗಲೂ ಬರುತ್ತದೆ. ನಾವು ‘ಇಲ್ಲ’ವನ್ನು ಹಿಂದೆ ಅಂಟಿಸುತ್ತೇವೆ, ಅವರು ಮುಂದೆ ಇಡುತ್ತಾರೆ.

ಅಜ್ಜಿ ‘ಮನೇಲಿ ಇಲ್ಲ ಅನ್ನಬಾರದು’ ಅಂತಿದ್ರು. ಭಾಷೆಗೂ ಇದಕ್ಕೂ ಸಂಬಂಧ ಇದೆಯಾ?

ಇದೆ ಅಂತ ನನಗೆ ಅನ್ನಿಸುತ್ತದೆ. ತುಂಬಾ ಭಾಷೆಗಳು ‘ಇದೆ’ಗೆ ‘ನ’ಕಾರ ಸೇರಿಸಿ ಸುಮ್ಮನಾಗುವುದಿಲ್ಲ. ಇಲ್ಲದಿರುವುದಕ್ಕೆ ಅದರದ್ದೇ ಪದ ಇಟ್ಟುಕೊಂಡಿವೆ: ಇಲ್ಲ, ಯೋಕ್, ಹೀಬ್ರೂವಿನ ‘ಏನ್’. ಅಂಥ ಪದಕ್ಕೆ ತೂಕ ಜಾಸ್ತಿ. ನಮ್ಮಮ್ಮ ಡಬ್ಬ ತಡಕಿ ‘ಉಪ್ಪು ಇಲ್ಲ’ ಅಂದದ್ದನ್ನು ನಾನು ಕೇಳಿಯೇ ಇಲ್ಲ. ‘ಉಪ್ಪು ತರಬೇಕು’ ಅನ್ನುತ್ತಿದ್ದಳು. ಬೇಡಲು ಬಂದವರಿಗೆ ‘ಮುಂದೆ ಹೋಗಪ್ಪಾ’. ಅದೇ ‘ಇಲ್ಲ’ವನ್ನು ಪತ್ರಿಕೆಗಳು ಹಿರಿಯರು ತೀರಿಕೊಂಡ ದಿನ ತಲೆಬರಹಕ್ಕೆ ತರುತ್ತವೆ: ‘ಇನ್ನಿಲ್ಲ’. ಮೂರೇ ಅಕ್ಷರ. ಇದನ್ನು ಇಂಗ್ಲಿಷಿಗೆ ಇಷ್ಟೇ ಚಿಕ್ಕದಾಗಿ, ಇಷ್ಟೇ ಮೆಲ್ಲಗೆ ತರಲು ನನಗೆ ಬಂದಿಲ್ಲ.

ಆಸ್ತಿಕ, ನಾಸ್ತಿಕ, ಅಸ್ತಿತ್ವ ಎಲ್ಲ ಒಂದೇ ಮನೆಯವಾ?

ಹೌದು. ಮೂರರಲ್ಲೂ ಇರುವುದು ಸಂಸ್ಕೃತದ ‘ಅಸ್ತಿ’, ಅಂದರೆ ‘ಇದೆ’. ‘ಇದೆ’ ಅನ್ನುವವನು ಆಸ್ತಿಕ, ‘ಇಲ್ಲ’ ಅನ್ನುವವನು ನಾಸ್ತಿಕ. ಪಾಣಿನಿಯ 4.4.60ನೇ ಸೂತ್ರ ಈ ಪದಗಳನ್ನೇ ಕಟ್ಟಿಕೊಡುತ್ತದೆ. ಏನು ಇದೆ ಅಂತ ಸೂತ್ರದಲ್ಲಿ ಇಲ್ಲ. ‘ಪರಲೋಕ’ ಅಂತ ವ್ಯಾಖ್ಯಾನಕಾರರು ತುಂಬಿದರು. ‘ಅಸ್ತಿತ್ವ’ ಅಂದರೆ ‘ಇದೆ’ತನ. ಅಚ್ಚಗನ್ನಡದಲ್ಲಿ ‘ಇರವು’, ‘ಇರುವಿಕೆ’.

ಜೈನರು ಇಷ್ಟಕ್ಕೇ ನಿಲ್ಲಲಿಲ್ಲ. ಒಂದು ದೃಷ್ಟಿಯಲ್ಲಿ ಇದೆ, ಒಂದು ದೃಷ್ಟಿಯಲ್ಲಿ ಇಲ್ಲ, ಒಂದು ದೃಷ್ಟಿಯಲ್ಲಿ ಹೇಳಲಾಗದು. ಈ ಮೂರನ್ನು ಬಿಡಿಯಾಗಿ, ಜೋಡಿಯಾಗಿ, ಒಟ್ಟಾಗಿ ಸೇರಿಸಿದರೆ ಏಳು ಬಗೆ. ಅದೇ ಸಪ್ತಭಂಗಿ.

ಇನ್ನೊಂದು ಮಾತು. ಇಂಗ್ಲಿಷಿನ ‘ಈಸ್’ ಈ ‘ಅಸ್ತಿ’ಯ ದೂರದ ನೆಂಟ. ‘ಬಿ’ ನಮ್ಮ ‘ಭವ’ದ ನೆಂಟ. ‘ವಾಸ್’ ನಮ್ಮ ‘ವಾಸ’, ‘ವಸತಿ’ಗಳ ನೆಂಟ. ಇರು, ಆಗು, ನೆಲೆಸು ಅನ್ನುವ ಮೂರು ಬೇರುಗಳನ್ನು ಇಂಗ್ಲಿಷ್ ಒಂದೇ ಕ್ರಿಯಾಪದವಾಗಿ ಹೊಲಿದುಕೊಂಡಿದೆ.

‘ಬೆಂಗಳೂರು ಕರ್ನಾಟಕದ ರಾಜಧಾನಿಯಾಗಿದೆ’ ಅಂತ ಬರೆದರೆ ತಪ್ಪಾ?

ವ್ಯಾಕರಣದ ಪ್ರಕಾರ ತಪ್ಪೆನ್ನಲಾಗದು, ಆದರೆ ಬೇಡ. ‘ಆಗು’ ಬದಲಾವಣೆಯ ಪದ. ‘ಹಾಲು ಮೊಸರಾಗಿದೆ’ ಅಂದರೆ ರಾತ್ರಿ ಹಾಲಾಗಿದ್ದದ್ದು ಬೆಳಗ್ಗೆ ಮೊಸರು. ‘ಅವರಿಗೆ ಮಗು ಆಗಿದೆ’ ಅಂದರೆ ಇಲ್ಲದ್ದು ಬಂದಿದೆ. ‘ಇದು ನನ್ನ ಮನೆಯಾಗಿದೆ’ ಅಂದರೆ ಮೊದಲು ಏನಾಗಿತ್ತು ಅಂತ ಕೇಳಬೇಕಾಗುತ್ತದೆ. ಇಂಗ್ಲಿಷಿನ ‘ಈಸ್’ಗೆ ಏನಾದರೂ ಇಡಲೇಬೇಕು ಅನ್ನುವ ಅವಸರದಲ್ಲಿ, ಯಂತ್ರದ ಅನುವಾದದಲ್ಲಿ, ಈ ‘ಆಗಿದೆ’ ಹುಲುಸಾಗಿ ಬೆಳೆದಿದೆ. ‘ಬೆಂಗಳೂರು ಕರ್ನಾಟಕದ ರಾಜಧಾನಿ.’ ಇಷ್ಟು ಬರೆದು ಚುಕ್ಕಿ ಇಡಿ.

ಇರುವುದಕ್ಕೂ ಆಗಿರುವುದಕ್ಕೂ ಒಂದೇ ಪದ ಇರೋರು ಬೇರೆ ಥರ ಯೋಚಿಸ್ತಾರಾ?

ಇದನ್ನು ಗಂಭೀರವಾಗಿ ಕೇಳಿದವರಿದ್ದಾರೆ. ಚೀನೀ ತತ್ವಶಾಸ್ತ್ರವನ್ನು ಓದಿಕೊಂಡ ಬ್ರಿಟಿಷ್ ವಿದ್ವಾಂಸ ಎ. ಸಿ. ಗ್ರಹಾಂ 1959ರಲ್ಲಿ ಪಶ್ಚಿಮದ ತತ್ವಶಾಸ್ತ್ರದ ‘ಬೀಯಿಂಗ್’ ಅನ್ನು ಚೀನಿಯರ ‘ಯೌ’ (ಇದೆ), ‘ಶಿ’ (ಇಂಥದ್ದು) ಪದಗಳ ಎದುರಿಗಿಟ್ಟು ನೋಡಿದರು. ಗ್ರೀಕಿನಲ್ಲಿ ಒಂದೇ ಕ್ರಿಯಾಪದ ಎರಡೂ ಕೆಲಸ ಮಾಡುತ್ತದೆ. ಚೀನಿಯಲ್ಲಿ ಅವು ಬೇರೆ. ಗ್ರೀಕರ ಆ ಒಂದು ಪದಕ್ಕೆ ಚೀನಿಯಲ್ಲಿ ಯಾವ ಪದ ಇಡಬೇಕು ಅನ್ನುವ ಚರ್ಚೆ ಅಲ್ಲಿನ ವಿದ್ವಾಂಸರಲ್ಲಿ ಬಹಳ ಕಾಲ ನಡೆದಿದೆ.

ಭಾಷೆ ನಮ್ಮ ಯೋಚನೆಗೆ ಬೇಲಿ ಹಾಕುತ್ತದೆ ಅಂತ ನಾನು ಒಪ್ಪುವುದಿಲ್ಲ. ಆದರೆ ಎಲ್ಲಿ ನಿಂತು ಯೋಚಿಸಬೇಕು ಅನ್ನುವುದನ್ನು ಅದು ತೋರಿಸುತ್ತದೆ. ಪಾಠದ ಕೊನೆಯ ವಾರ ನಾನು ಎರಡು ಇಂಗ್ಲಿಷ್ ವಾಕ್ಯ ಕೊಡುತ್ತೇನೆ: ‘ಗಾಡ್ ಈಸ್’, ‘ಗಾಡ್ ಈಸ್ ಲವ್’. ಎರಡರಲ್ಲೂ ಒಂದೇ ‘ಈಸ್’. ಮೊದಲನೆಯದಕ್ಕೆ ಎಲ್ಲರೂ ‘ದೇವರಿದ್ದಾನೆ’ ಅಂತ ಬರೆಯುತ್ತಾರೆ. ಎರಡನೆಯದರ ಮುಂದೆ ಪೆನ್ನು ನಿಲ್ಲುತ್ತದೆ. ಒಬ್ಬರು ‘ದೇವರು ಪ್ರೀತಿಯಾಗಿದ್ದಾನೆ’ ಅಂತ ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ‘ದೇವರೆಂದರೆ ಪ್ರೀತಿ’ ಅಂತ ಬರೆದುಕೊ‌ಟ್ಟರು. ಆ ಹಾಳೆ ನನ್ನ ಹತ್ತಿರ ಇನ್ನೂ ಇದೆ.